53ನೇ ಪ್ಯಾರಾ: ಸ್ಥಳೀಯ ಸಂಸ್ಥೆಗಳ ದಿನಗೂಲಿ ನೌಕರರು ಕೋರ್ಟು ಮೆಟ್ಟಿಲು ಹತ್ತುತ್ತಲೇ ಇರುವುದೇಕೆ?

ಪಾಲಿಕೆ, ಪುರಸಭೆ, ಪಂಚಾಯಿತಿಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದಿನಗೂಲಿ ಮಾಡಿದವರನ್ನು ಕಾಯಂ ಮಾಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಕೋರ್ಟುಗಳು ಒಮ್ಮೆ ಹೌದು, ಒಮ್ಮೆ ಇಲ್ಲ ಎಂದಂತೆ ಕಾಣುತ್ತದೆ. ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪನ್ನು ತೋರಿಸಿ ಕಚೇರಿ ಅರ್ಜಿ ತಳ್ಳಿಹಾಕುತ್ತದೆ. ಅದೇ ತೀರ್ಪು ಹಿಡಿದು ನೌಕರರು ಹೈಕೋರ್ಟಿಗೆ ಹೋಗುತ್ತಾರೆ. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1984ರ ಜುಲೈ 1ರ ನಂತರ ದಿನಗೂಲಿ ಮೇಲೆ ಯಾರನ್ನೂ ತೆಗೆದುಕೊಳ್ಳಕೂಡದೆಂದು ರಾಜ್ಯ ಸರ್ಕಾರ ಆದೇಶಿಸಿತ್ತು. ಅದಕ್ಕೂ ಮೊದಲಿನಿಂದ ದುಡಿಯುತ್ತಿದ್ದವರಿಗಾಗಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1990ರಲ್ಲಿ ಹಂತಹಂತವಾಗಿ ಕಾಯಂ ಮಾಡುವ ಯೋಜನೆಯೇ ಸಿಕ್ಕಿತು. ಅಲ್ಲಿಂದ ಮುಂದೆ ಎಷ್ಟೋ ವರ್ಷ ಕೋರ್ಟುಗಳ ಕೈ ಧಾರಾಳವಾಗಿಯೇ ಇತ್ತು. ನಿಷೇಧದ ಆದೇಶ ಕಡತದಲ್ಲಿತ್ತು, ನೇಮಕವೂ ನಡೆದೇ ಇತ್ತು. ನೀರು ಬಿಡುವವರು ಬೇಕು, ಚರಂಡಿ ತೆಗೆಯುವವರು ಬೇಕು, ಟೈಪಿಸ್ಟ್ ಬೇಕು. ಮಂಜೂರಾದ ಹುದ್ದೆ ಮಾತ್ರ ಸಾಲದು.

ಉಮಾದೇವಿ ಪ್ರಕರಣ ಹುಟ್ಟಿದ್ದು ಪಂಚಾಯಿತಿಯಲ್ಲಲ್ಲ, ವಾಣಿಜ್ಯ ತೆರಿಗೆ ಇಲಾಖೆಯಲ್ಲಿ. 1985-86ರಿಂದ ದಿನಗೂಲಿಯಲ್ಲಿದ್ದವರು ಆಡಳಿತ ನ್ಯಾಯಮಂಡಳಿಯಲ್ಲಿ ಸೋತು, ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರದ ಮೇಲ್ಮನವಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂತು. 2006ರ ಏಪ್ರಿಲ್ 10ರ ತೀರ್ಪು ಕಟುವಾಗಿಯೇ ಇತ್ತು. ಜಾಹೀರಾತಿಲ್ಲದೆ, ಸ್ಪರ್ಧೆಯಿಲ್ಲದೆ ಒಳಬಂದವರನ್ನು ಕಾಯಂ ಮಾಡುತ್ತ ಹೋದರೆ, ಹೊರಗೆ ಅರ್ಜಿ ಹಾಕಲು ಕಾದಿರುವವರ ಸಮಾನ ಅವಕಾಶದ ಗತಿಯೇನು? ಇಂಥ ನೇಮಕಗಳಿಗೆ ಹೈಕೋರ್ಟುಗಳು ರಿಟ್ ಅಧಿಕಾರ (ಸರ್ಕಾರಿ ಕಚೇರಿಗಳಿಗೆ ನೇರ ಆದೇಶ ಕೊಡುವ ಅಧಿಕಾರ) ಬಳಸಿ ಮುದ್ರೆ ಒತ್ತಬಾರದು ಎಂದಿತು ಪೀಠ. ವಾದದಲ್ಲಿ ಹುರುಳಿಲ್ಲ ಎನ್ನಲಾಗದು.

ಆದರೆ ತೀರ್ಪು ಅಲ್ಲಿಗೇ ಮುಗಿಯುವುದಿಲ್ಲ. 53ನೇ ಪ್ಯಾರಾದಲ್ಲಿ ಇನ್ನೊಂದು ಮಾತಿದೆ. ಮಂಜೂರಾಗಿ ಖಾಲಿ ಇರುವ ಹುದ್ದೆಯಲ್ಲಿ, ಅರ್ಹತೆ ಇದ್ದು, ಕೋರ್ಟಿನ ಆದೇಶದ ಆಸರೆಯಿಲ್ಲದೆ ತೀರ್ಪಿನ ದಿನಕ್ಕೆ ಹತ್ತು ವರ್ಷ ದುಡಿದವರ ನೇಮಕದಲ್ಲಿ ಬರೀ ಕ್ರಮದ ಲೋಪವಿದ್ದರೆ, ಒಂದು ಬಾರಿಯ ಕ್ರಮವಾಗಿ ಅವರನ್ನು ಸಕ್ರಮಗೊಳಿಸಬೇಕು. ಆರು ತಿಂಗಳೊಳಗೆ ಕೆಲಸ ಶುರುವಾಗಬೇಕು. ತೀರ್ಪಿನ ಮೊದಲ ಭಾಗ ಎಲ್ಲ ಕಚೇರಿಗಳಿಗೂ ಬೇಗನೆ ತಲುಪಿತು. ಈ ಪ್ಯಾರಾ ತಲುಪಲು ಯಾಕೋ ತಡವಾಯಿತು.

ಎಷ್ಟು ತಡವೆಂಬುದಕ್ಕೆ ಗದಗ ಜಿಲ್ಲಾ ಪಂಚಾಯಿತಿಯ ಪ್ರಕರಣ ನೋಡಬೇಕು. ಅಲ್ಲಿ ಮೂವರು 1985ರಿಂದ ದಿನಗೂಲಿಯಲ್ಲಿದ್ದರು, ಅವರಲ್ಲಿ ಇಬ್ಬರು ಟೈಪಿಸ್ಟ್‌ಗಳು. ಅವರ ವಿಷಯ ಕೇಸರಿ ಪ್ರಕರಣವಾಗಿ ಸುಪ್ರೀಂ ಕೋರ್ಟು ಮುಟ್ಟಿತು. 2010ರ ಆಗಸ್ಟ್ 3ರಂದು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮತ್ತು ಎಚ್.ಎಲ್. ಗೋಖಲೆ ಅವರ ಪೀಠ ಗಮನಿಸಿದ್ದು ಇಷ್ಟು: ಉಮಾದೇವಿ ತೀರ್ಪು ಬಂದು ನಾಲ್ಕು ವರ್ಷ ದಾಟಿದರೂ ಇವರ ಹೆಸರುಗಳನ್ನು ಯಾರೂ ಪರಿಶೀಲಿಸಿಲ್ಲ. ಹತ್ತು ವರ್ಷ ಪೂರೈಸಿದವರ ಪಟ್ಟಿ ಮಾಡಿ, ಹುದ್ದೆ ಇದೆಯೇ, ಅರ್ಹತೆ ಇದೆಯೇ ಎಂದು ಒಬ್ಬೊಬ್ಬರದೂ ನೋಡಬೇಕು. ಅರ್ಹರೆಲ್ಲರ ಪರಿಶೀಲನೆ ಮುಗಿಯುವವರೆಗೂ 'ಒಂದು ಬಾರಿಯ ಕ್ರಮ' ಮುಗಿದಂತಲ್ಲ ಎಂದು ಪೀಠ ಸ್ಪಷ್ಟಪಡಿಸಿತು. ಕೆಲವರನ್ನು ಸಕ್ರಮ ಮಾಡಿ ಕಚೇರಿಗಳು ಹಾಕಿದ್ದ ಬಾಗಿಲನ್ನು ಈ ತೀರ್ಪು ಮತ್ತೆ ತೆಗೆಯಿತು.

ಆದರೂ ಪ್ರಕರಣಗಳು ಕರಗಲಿಲ್ಲ. ಕೋರ್ಟು ತಾನೇ ನೇಮಕಾಧಿಕಾರಿಯಾಗಿ ಕೂರುವುದಿಲ್ಲ. ಕಚೇರಿಯ ತೀರ್ಮಾನ ಕಾನೂನಿಗೆ ತಕ್ಕಂತಿದೆಯೇ ಎಂದಷ್ಟೇ ನೋಡುತ್ತದೆ. ಹಾಗಾಗಿ ಆದೇಶ ಸಾಮಾನ್ಯವಾಗಿ 'ಅರ್ಜಿಯನ್ನು ಪರಿಗಣಿಸಿ' ಎಂದಿರುತ್ತದೆ. ಕಚೇರಿ ಪರಿಗಣಿಸಿ, ಉಮಾದೇವಿ ತೀರ್ಪಿನ ಉಲ್ಲೇಖದೊಂದಿಗೆ ಅರ್ಜಿ ತಿರಸ್ಕರಿಸುವ ಅರ್ಧ ಪುಟದ ಹಿಂಬರಹ ಕೊಡುತ್ತದೆ. ಆ ಹಿಂಬರಹದ ಮೇಲೆ ಇನ್ನೊಂದು ರಿಟ್, ಅದು ಗೆದ್ದರೆ ಮತ್ತೆ ಪರಿಗಣನೆ. ದಿನಗೂಲಿಯವರ ಬಳಿ ನೇಮಕಾತಿ ಆದೇಶ ಇರುವುದಿಲ್ಲ; ಸೇವೆಗೆ ಸಾಕ್ಷಿ ಎಂದರೆ ಮಸ್ಟರ್ ರೋಲ್, ಹಾಜರಾತಿ ಪುಸ್ತಕ, ಕೂಲಿ ಪಾವತಿಯ ವೋಚರ್. ಅವೆಲ್ಲ ಕಚೇರಿಯ ಬೀರುವಿನಲ್ಲೇ ಇರುತ್ತವೆ.

ಗೆದ್ದವರಿಗೂ ಪೂರ್ತಿ ಸಿಕ್ಕಿತೆನ್ನಲಾಗದು. ಸಕ್ರಮವಾದ ದಿನದಿಂದಲೇ ಸೇವೆ ಲೆಕ್ಕವೆಂದರೆ ಜ್ಯೇಷ್ಠತೆ ಹೋಯಿತು, ಅದರ ಬೆನ್ನಿಗೆ ಬಡ್ತಿಯೂ ಹೋಯಿತು. ಪಿಂಚಣಿಯದು ಇನ್ನೊಂದು ಕಥೆ. 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಹೊಸ ಪಿಂಚಣಿ ಯೋಜನೆ ಅನ್ವಯ. ಉಮಾದೇವಿ ತೀರ್ಪು ಬಂದದ್ದು ಅದಾಗಿ ಒಂಬತ್ತು ದಿನಕ್ಕೆ; ಹಾಗಾಗಿ ಅದರ ಮೇರೆಗೆ ಸಕ್ರಮವಾದವರ ಸೇವೆ ಸಕ್ರಮದ ದಿನದಿಂದಲೇ ಲೆಕ್ಕವೆಂದರೆ ಹಳೆಯ ಪಿಂಚಣಿ ಕೈತಪ್ಪುತ್ತದೆ. 2012ರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ, ಅಧಿಸೂಚಿತ ಪಟ್ಟಿಯಲ್ಲಿದ್ದವರು 60 ವರ್ಷದವರೆಗೆ ಮುಂದುವರಿಯಲು ದಾರಿ ಮಾಡಿತು. ಕೆಲಸ ಉಳಿಯಿತು, ಆದರೆ ಅದು ಕಾಯಂ ಹುದ್ದೆಯಲ್ಲ.

ಪೌರಕಾರ್ಮಿಕರ ದಾರಿ ಬೇರೆ. ಅವರು ಕೋರ್ಟಿಗಿಂತ ಬೀದಿಯನ್ನೇ ಹೆಚ್ಚು ನಂಬಿದರು. 2017ರಲ್ಲಿ ಗುತ್ತಿಗೆದಾರರನ್ನು ಬಿಟ್ಟು ನೇರ ವೇತನ ಕೊಡಲು ಸರ್ಕಾರ ಒಪ್ಪಿತು. 2022ರ ಜುಲೈ ಮುಷ್ಕರದ ನಂತರ ಕಾಯಂ ಮಾಡುವ ಭರವಸೆ ಬಂತು. 2025ರ ಮೇ 1ರಂದು ಬೆಂಗಳೂರಿನ 12,692 ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು. ಕೋರ್ಟಿನಲ್ಲಿ ಎರಡು ದಶಕ ಜಗ್ಗಾಡಿದ್ದು ಸರ್ಕಾರ ಮನಸ್ಸು ಮಾಡಿದಾಗ ಆಗಿಹೋಯಿತು ಎಂಬುದನ್ನು ಗಮನಿಸದಿರಲಾಗದು.

ಈಚೆಗೆ ಕೋರ್ಟಿನ ದನಿಯೂ ಬದಲಾಗಿದೆ. ಗಾಜಿಯಾಬಾದ್ ನಗರ ನಿಗಮದ ತೋಟದ ಮಾಲಿಗಳು 1998ರಿಂದ ದುಡಿದಿದ್ದರು, 2005ರಲ್ಲಿ ನೋಟಿಸಿಲ್ಲದೆ ಕೆಲಸ ಕಳೆದುಕೊಂಡರು. 2025ರ ಜನವರಿ 31ರಂದು ಸುಪ್ರೀಂ ಕೋರ್ಟು ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡು, ಅರ್ಧ ಹಿಂಬಾಕಿ ವೇತನ ಕೊಟ್ಟು, ಕಾಯಂ ಮಾಡುವ ಪ್ರಕ್ರಿಯೆ ಶುರು ಮಾಡಲು ಹೇಳಿತು. ಕಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬಾರದು ಎಂಬುದು ಅದರ ತಿರುಳು.

ಇಷ್ಟಾದರೂ 53ನೇ ಪ್ಯಾರಾದ ಲೆಕ್ಕದಲ್ಲಿ, 1996ರ ಏಪ್ರಿಲ್ 10ರ ನಂತರ ಸೇರಿದವರು ಆ ಹತ್ತು ವರ್ಷದೊಳಗೆ ಬರುವುದಿಲ್ಲ. ಅವರ ನಂತರ ಬಂದವರಲ್ಲಿ ಎಷ್ಟೋ ಜನ ಈಗ ಹೊರಗುತ್ತಿಗೆ ಏಜೆನ್ಸಿಯ ಪಟ್ಟಿಯಲ್ಲಿದ್ದಾರೆ. ಅಂಥವರು ರಿಟ್ ಹಾಕಿದರೆ ಕೋರ್ಟಿನ ಮೊದಲ ಪ್ರಶ್ನೆ ಹತ್ತು ವರ್ಷದ್ದಲ್ಲ. ನಿಮ್ಮ ಮಾಲೀಕರು ಪುರಸಭೆಯೋ ಏಜೆನ್ಸಿಯೋ ಎಂಬುದು.