ಕಣ್ಣುಕುಟಿಕೆಗೆ ಶಾಖ ಸಾಕೇ, ಆ್ಯಂಟಿಬಯಾಟಿಕ್ ಬೇಕೇ?

ಕಣ್ಣುಕುಟಿಕೆ ಎದ್ದ ರೆಪ್ಪೆಯನ್ನು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ 16 ಪಟ್ಟು ಹಿಗ್ಗಿಸಿ ನೋಡಿದರೆ, ಹೊರಗಿನಿಂದ ಬರೀ ಕೆಂಪು ಗಂಟಾಗಿ ತೋರುವುದರ ನಡುವೆ ಒಂದೇ ಒಂದು ರೆಪ್ಪೆಗೂದಲಿನ ಬುಡ ಹಳದಿಯಾಗಿ ತುಂಬಿಕೊಂಡು ನಿಂತಿರುವುದು ಕಾಣುತ್ತದೆ. ಹತ್ತಿಕಡ್ಡಿಯ ತುದಿಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ಮುಟ್ಟುತ್ತ ಹೋದಾಗ, ರೋಗಿ ನೋವಿಗೆ ತಲೆಯನ್ನು ಹಿಂದಕ್ಕೆಳೆದುಕೊಳ್ಳುವುದು ಸಾಸಿವೆ ಕಾಳಿನಷ್ಟಗಲದ ಆ ಒಂದು ಜಾಗದಲ್ಲಿ ಮಾತ್ರ. ಉಳಿದ ರೆಪ್ಪೆ ಊದಿಕೊಂಡಿದ್ದರೂ ಮೃದುವಾಗಿಯೇ ಇರುತ್ತದೆ. ಅರ್ಧ ಮುಖವೇ ಕೆಟ್ಟಿತೆಂಬ ಭಯದಿಂದ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ: ಊತ ದೊಡ್ಡದು, ಕಾಯಿಲೆ ಚಿಕ್ಕದು. ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳುವಾದದ್ದು, ಅದರಡಿಯ ಅಂಗಾಂಶ ಸಡಿಲವಾದದ್ದು. ಹಾಗಾಗಿ ಅಲ್ಲಿ ಸ್ವಲ್ಪ ದ್ರವ ಸೇರಿದರೂ ಬೆಳಿಗ್ಗೆ ಏಳುವ ಹೊತ್ತಿಗೆ ಕಣ್ಣು ಮುಚ್ಚಿಹೋಗಿರುತ್ತದೆ, ಎದ್ದು ಓಡಾಡಿದ ಮೇಲೆ ಕೊಂಚ ಇಳಿಯುತ್ತದೆ.

ಈ ಮಾತು ಕೇಳಿದ ಮೇಲೂ ಬಹುತೇಕ ಮಂದಿ ಕುರ್ಚಿಯಿಂದ ಏಳುವ ಮುನ್ನ ಕೇಳುವ ಪ್ರಶ್ನೆ ಒಂದೇ. "ಒಂದು ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ಬೇಗ ವಾಸಿಯಾಗುವುದಿಲ್ಲವೇ, ಡಾಕ್ಟ್ರೇ?" ಪ್ರಶ್ನೆ ಅಸಹಜವಾದದ್ದೇನಲ್ಲ. ಇದು ಬ್ಯಾಕ್ಟೀರಿಯಾದ ಸೋಂಕೇ ಹೌದು, ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಇದ್ದ ಮೇಲೆ ಅದನ್ನು ಕೊಲ್ಲುವ ಮದ್ದು ಬೇಡವೇ ಎಂಬ ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಈ ಬ್ಯಾಕ್ಟೀರಿಯಾ ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ರೆಪ್ಪೆಯ ಅಂಚಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರಬಲ್ಲದು. ಅದು ಕಾಟ ಕೊಡಲು ಶುರುಮಾಡುವುದು ಗ್ರಂಥಿಯೊಂದರ ಬಾಯಿ ಕಟ್ಟಿಕೊಂಡಾಗ.

ರೆಪ್ಪೆಗೂದಲಿನ ಬುಡಕ್ಕೆ ಅಂಟಿಕೊಂಡು ಝೈಸ್ ಎಂಬ ಎಣ್ಣೆಗ್ರಂಥಿಗಳೂ ಮೋಲ್ ಎಂಬ ಬೆವರುಗ್ರಂಥಿಗಳೂ ಇರುತ್ತವೆ. ಇವು ಕಟ್ಟಿಕೊಂಡು ಕೀವಾದಾಗ ಅಂಚಿನಲ್ಲೇ ಹೊರಕ್ಕೆ ಮುಖ ಮಾಡಿದ ಕುಟಿಕೆ ಏಳುತ್ತದೆ. ರೆಪ್ಪೆಯ ಒಳಗಿನ ಗಟ್ಟಿ ಫಲಕದಲ್ಲಿ, ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ನಿಂತಿರುವುದು ಮೈಬೋಮಿಯನ್ ಗ್ರಂಥಿಗಳು. ಜರ್ಮನಿಯ ವೈದ್ಯ ಹೈನ್ರಿಶ್ ಮೈಬೋಮ್ 1666ರಲ್ಲಿ ವಿವರಿಸಿದ ಈ ಗ್ರಂಥಿಗಳು ಮೇಲ್ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30 ಇರುತ್ತವೆ, ಕಣ್ಣೀರು ಬೇಗ ಆರಿಹೋಗದಂತೆ ಅದರ ಮೇಲೆ ತೆಳುವಾದ ಎಣ್ಣೆಯ ಪರೆಯನ್ನು ಹಾಸುತ್ತವೆ. ಇವುಗಳಲ್ಲಿ ಒಂದು ಕೀವಾದರೆ ಗಂಟು ಒಳಮುಖವಾಗಿ, ಇನ್ನಷ್ಟು ಆಳದಲ್ಲಿ, ಇನ್ನಷ್ಟು ನೋವಿನೊಂದಿಗೆ ಬೆಳೆಯುತ್ತದೆ. ರೆಪ್ಪೆಯನ್ನು ಮಗುಚಿ ನೋಡಿದಾಗಷ್ಟೇ ಅದರ ಹಳದಿ ತಲೆ ಕಣ್ಣಿಗೆ ಬೀಳುತ್ತದೆ. ಆರೋಗ್ಯವಂತ ರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿದರೆ ತಿಳಿಯಾದ ಎಣ್ಣೆಯ ಸಣ್ಣ ಹನಿಗಳು ಮೂಡುತ್ತವೆ. ಕಟ್ಟಿಕೊಂಡ ಗ್ರಂಥಿಯಿಂದ ಬರುವುದು ಟೂತ್‌ಪೇಸ್ಟ್‌ನಷ್ಟು ಗಟ್ಟಿಯಾದ ಬಿಳಿ ಎಳೆ, ಕೆಲವೊಮ್ಮೆ ಅದೂ ಬರುವುದಿಲ್ಲ.

ಈ ಎಳೆಯನ್ನು ಒಮ್ಮೆ ನೋಡಿದವರಿಗೆ ಚಿಕಿತ್ಸೆ ಯಾಕೆ ಶಾಖದಿಂದ ಆರಂಭವಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗಟ್ಟಿಯಾದ ಎಣ್ಣೆ ಕರಗಬೇಕು, ಮುಚ್ಚಿದ ಬಾಯಿ ತೆರೆಯಬೇಕು, ಒಳಗಿನ ಕೀವು ತಾನಾಗಿ ಹೊರಬರಬೇಕು. ಆ್ಯಂಟಿಬಯಾಟಿಕ್ ಇವುಗಳಲ್ಲಿ ಯಾವುದನ್ನೂ ಮಾಡುವುದಿಲ್ಲ. ಅಂಚಿಗೆ ಹಚ್ಚಿದ ಮುಲಾಮು ಮೇಲ್ಮೈಯಲ್ಲೇ ಉಳಿಯುತ್ತದೆ, ಗೋಡೆ ಕಟ್ಟಿಕೊಂಡು ಕುಳಿತ ಕೀವಿನ ಒಳಗೆ ಇಳಿಯುವುದಿಲ್ಲ. ನುಂಗಿದ ಮಾತ್ರೆ ರಕ್ತದ ಮೂಲಕ ಬರಬೇಕಾದದ್ದು, ಕೀವಿನ ಕುಳಿಯೊಳಗೆ ರಕ್ತನಾಳಗಳೇ ಇರುವುದಿಲ್ಲ. ದೇಹದ ಬೇರೆ ಕಡೆಯ ಕುರುವಿಗೂ ಇದೇ ನಿಯಮ, ಕೀವು ಹೊರಹೋಗದೆ ಕುರು ಮಾಯದು.

ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಪ್ರತಿಯೊಂದು ಕಣ್ಣುಕುಟಿಕೆಗೂ ಐದು ದಿನದ ಮಾತ್ರೆ, ಒಂದು ಹನಿಮದ್ದು, ರಾತ್ರಿಗೊಂದು ಮುಲಾಮು ಬರೆಯುತ್ತಿದ್ದೆ. ವಾರದಲ್ಲಿ ವಾಸಿಯಾಗಿ ಬಂದವರನ್ನು ಕಂಡು ಅದನ್ನು ಔಷಧದ ಗುಣವೆಂದೇ ಎಣಿಸಿದ್ದೆ. ಮಾತ್ರೆ ಕೊಳ್ಳದೆ ಶಾಖವನ್ನಷ್ಟೇ ಕೊಟ್ಟುಕೊಂಡವರೂ ಅದೇ ವಾರದಲ್ಲಿ ವಾಸಿಯಾಗುತ್ತಿದ್ದಾರೆಂಬುದನ್ನು ಗಮನಿಸುವಷ್ಟು ವ್ಯವಧಾನ ಬಂದದ್ದು ಆಮೇಲೆ. ಹೆಚ್ಚಿನ ಕುಟಿಕೆಗಳು ಒಂದರಿಂದ ಎರಡು ವಾರದೊಳಗೆ ತಾವಾಗಿಯೇ ಒಡೆದು ಇಳಿಯುತ್ತವೆ. ಒಳಮುಖದ ಕುಟಿಕೆಗೆ ಶಸ್ತ್ರಕ್ರಿಯೆಯಲ್ಲದ ಚಿಕಿತ್ಸೆಗಳನ್ನು ಹೋಲಿಸಿದ ಪ್ರಯೋಗಗಳಿಗಾಗಿ ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಇನ್ನೊಮ್ಮೆ ಹುಡುಕಿ 2017ರಲ್ಲಿ ವರದಿ ಪ್ರಕಟಿಸಿದಾಗಲೂ ಅವರ ಮಾನದಂಡಕ್ಕೆ ಹೊಂದುವ ಒಂದೂ ಸಿಗಲಿಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ ಆ ಮಾತು ಶಾಖಕ್ಕೂ ಅನ್ವಯಿಸುತ್ತದೆ. ಆದರೆ ಸರಿಯಾಗಿ ಕೊಟ್ಟ ಶಾಖದಿಂದ ಭೇದಿಯಾಗುವುದಿಲ್ಲ, ಅಲರ್ಜಿಯಾಗುವುದಿಲ್ಲ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟುವುದಿಲ್ಲ; ಎರಡಕ್ಕೂ ಪುರಾವೆ ತೆಳುವಾಗಿರುವಾಗ ಅಪಾಯ ಕಡಿಮೆಯಿರುವುದನ್ನೇ ನಾನು ಮೊದಲು ಆರಿಸಿಕೊಳ್ಳುತ್ತೇನೆ.

"ಶಾಖ ಕೊಟ್ಟೆ, ಏನೂ ಆಗಲಿಲ್ಲ" ಎನ್ನುವವರನ್ನು ಎದುರಿಗೆ ಕೂರಿಸಿಕೊಂಡು ಹೇಗೆ ಕೊಟ್ಟಿರೆಂದು ತೋರಿಸಲು ಹೇಳಿದರೆ, ಹೆಚ್ಚಿನವರು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅರೆನಿಮಿಷ ಮುಟ್ಟಿಸಿ ತೆಗೆಯುತ್ತಾರೆ. ಅಷ್ಟರಲ್ಲಿ ಬೆಚ್ಚಗಾಗುವುದು ಚರ್ಮ ಮಾತ್ರ. ಒದ್ದೆ ಬಟ್ಟೆ ಒಂದೆರಡು ನಿಮಿಷಗಳಲ್ಲೇ ಆರಿ ತಣ್ಣಗಾಗುವುದರಿಂದ, ಪಕ್ಕದಲ್ಲಿ ಬಿಸಿನೀರಿನ ಪಾತ್ರೆಯಿಟ್ಟುಕೊಂಡು ಬಟ್ಟೆಯನ್ನು ಮತ್ತೆ ಮತ್ತೆ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಒಟ್ಟು ಹತ್ತು ನಿಮಿಷವಾದರೂ ಇಡಬೇಕು. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಬೇಕು. ಬಟ್ಟೆಯ ತಾಪ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು. ಥರ್ಮಾಮೀಟರ್ ಬೇಕಿಲ್ಲ, ಮುಂಗೈ ಒಳಭಾಗಕ್ಕೆ ಮುಟ್ಟಿಸಿದಾಗ ಹಿತವಾಗಿ ಬೆಚ್ಚಗಿದ್ದರೆ ಸಾಕು. ಮೈಕ್ರೋವೇವ್‌ನಲ್ಲಿ ಕಾಯಿಸಿದ ಒದ್ದೆ ಬಟ್ಟೆಯನ್ನು ಕಣ್ಣಿಗೆ ಇಡಲೇಬಾರದು, ಅದರ ಕಾವು ಒಂದು ಕಡೆ ಹದವಾಗಿದ್ದರೆ ಇನ್ನೊಂದು ಕಡೆ ಸುಡುವಷ್ಟಿರುತ್ತದೆ. ಶಾಖದ ಬೆನ್ನಿಗೇ ಶುಚಿಯಾದ ಬೆರಳಿನಿಂದ ಮೇಲ್ರೆಪ್ಪೆಯನ್ನು ಕೆಳಮುಖವಾಗಿ, ಕೆಳರೆಪ್ಪೆಯನ್ನು ಮೇಲ್ಮುಖವಾಗಿ ಅಂಚಿನ ಕಡೆಗೆ ಮೆಲ್ಲಗೆ ನೀವಬೇಕು. ನೀವುವುದು ಬೇರೆ, ಹಿಸುಕುವುದು ಬೇರೆ. ಹಿಸುಕಿದ ಕುಟಿಕೆ ಹೊರಕ್ಕೆ ಒಡೆಯುವ ಬದಲು ರೆಪ್ಪೆಯೊಳಕ್ಕೇ ಒಡೆದರೆ, ಒಂದು ಗ್ರಂಥಿಯಲ್ಲಿದ್ದ ಸೋಂಕು ಇಡೀ ರೆಪ್ಪೆಗೆ ಹರಡಲು ದಾರಿಯಾಗುತ್ತದೆ. ಕುಟಿಕೆ ಇಳಿಯುವವರೆಗೆ ಕಾಂಟ್ಯಾಕ್ಟ್ ಲೆನ್ಸ್ ಮತ್ತು ಕಣ್ಣಿನ ಅಲಂಕಾರ ಬೇಡ. ಮುಖ ಒರೆಸುವ ಬಟ್ಟೆಯನ್ನು ಬೇರೆಯಾಗಿಟ್ಟುಕೊಳ್ಳಬೇಕು. ಕುಟಿಕೆಯಾದವರನ್ನು ನೋಡಿದ ಮಾತ್ರಕ್ಕೆ ಅದು ಅಂಟುವುದಿಲ್ಲ.

ಹಾಗಾದರೆ ಆ್ಯಂಟಿಬಯಾಟಿಕ್ ಎಂದು? ನಾನು ನೋಡುವುದು ಗಂಟಿನ ಗಾತ್ರವನ್ನಲ್ಲ, ಅದರ ಗಡಿಯನ್ನು. ಸೋಂಕು ಗ್ರಂಥಿಯೊಳಗೇ ಇರುವವರೆಗೆ ಶಾಖದ ಕೆಲಸ. ಅದು ಗ್ರಂಥಿಯನ್ನು ದಾಟಿತೆಂದರೆ ಔಷಧದ ಕೆಲಸ.

ಕುಟಿಕೆ ಒಡೆದು ಕೀವು ಸೋರುತ್ತಿದ್ದರೆ, ರೆಪ್ಪೆಯ ಅಂಚಿನುದ್ದಕ್ಕೂ ಹೊಟ್ಟು ಕಟ್ಟಿಕೊಂಡು ಕೆಂಪಾಗಿದ್ದರೆ, ಒಂದರ ಹಿಂದೊಂದು ಕುಟಿಕೆ ಏಳುತ್ತಿದ್ದರೆ ಎರಿತ್ರೋಮೈಸಿನ್‌ನಂಥ ಮುಲಾಮನ್ನು ಒಂದು ವಾರ ಹಚ್ಚಲು ಕೊಡುತ್ತೇನೆ. ಅದು ಈಗಿರುವ ಕೀವನ್ನು ಆರಿಸುತ್ತದೆಂದಲ್ಲ, ಅಂಚಿನ ಮೇಲಿನ ಬ್ಯಾಕ್ಟೀರಿಯಾವನ್ನು ತಗ್ಗಿಸಿ ಪಕ್ಕದ ಗ್ರಂಥಿಗಳನ್ನು ಕಾಯಲಿ ಎಂದು. ಶಾಖ ಮೊದಲು, ಮುಲಾಮು ಆಮೇಲೆ. ಈ ಕ್ರಮ ತಪ್ಪಿದರೆ ಹಚ್ಚಿದ್ದೆಲ್ಲ ಬಟ್ಟೆಗೆ ಅಂಟಿ ಹೋಗುತ್ತದೆ.

ಮಾತ್ರೆಯ ಅಗತ್ಯ ಬೀಳುವುದು ಇಡೀ ರೆಪ್ಪೆ ಬಿಗಿದು, ಬಿಸಿಯಾಗಿ, ಮುಟ್ಟಿದ ಕಡೆಯೆಲ್ಲ ನೋಯತೊಡಗಿದಾಗ, ಕೆಂಪು ಕೆನ್ನೆಯ ಕಡೆಗೋ ಹುಬ್ಬಿನ ಕಡೆಗೋ ಸರಿಯತೊಡಗಿದಾಗ. ಇದನ್ನು ರೆಪ್ಪೆಯ ಸೆಲ್ಯುಲೈಟಿಸ್ ಎನ್ನುತ್ತೇವೆ. ಹಿಂದೆ ಹೇಳಿದ ಹತ್ತಿಕಡ್ಡಿಯ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ: ನೋವು ಒಂದೇ ಬಿಂದುವಿನಲ್ಲಿದ್ದರೆ ಕುಟಿಕೆ, ರೆಪ್ಪೆಯ ತುಂಬ ಇದ್ದರೆ ಹರಡಿದ ಸೋಂಕು. ಅನುಮಾನವಿದ್ದಲ್ಲಿ ಕೆಂಪಿನ ಗಡಿಗೆ ಪೆನ್ನಿನಿಂದ ಒಂದು ಗೆರೆ ಎಳೆದು ಕಳುಹಿಸುತ್ತೇನೆ. ಮರುದಿನ ಕೆಂಪು ಗೆರೆಯನ್ನು ದಾಟಿತ್ತೆಂದರೆ ಚರ್ಚೆಗೆ ಎಡೆಯಿರುವುದಿಲ್ಲ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅಥವಾ ಸೆಫಲೆಕ್ಸಿನ್ ಸಾಮಾನ್ಯವಾಗಿ ಬಳಕೆಯಲ್ಲಿರುವ ಔಷಧಗಳು. ರೋಗಿಗೋ ಮನೆಯವರಿಗೋ ಮೈಮೇಲೆ ಪದೇಪದೇ ಕುರುಗಳು ಏಳುತ್ತಿದ್ದರೆ ಇವೆರಡಕ್ಕೂ ಬಗ್ಗದ ಎಂಆರ್‌ಎಸ್‌ಎ ಎಂಬ ತಳಿಯ ಸಂಶಯ ಬರುತ್ತದೆ, ಆಗ ಆಯ್ಕೆಯೇ ಬದಲಾಗಬೇಕು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಗೆರೆ ಎಳೆದು ಕಾಯುವ ಧೈರ್ಯವನ್ನು ನಾನು ಮಾಡುವುದಿಲ್ಲ, ಮಾತ್ರೆಯನ್ನು ಬೇಗನೇ ಆರಂಭಿಸುತ್ತೇನೆ. ಆರಂಭಿಸಿದವರೆಲ್ಲರನ್ನೂ 48 ಗಂಟೆಯೊಳಗೆ, ಮಕ್ಕಳಾದರೆ ಇನ್ನೂ ಮೊದಲೇ, ಮತ್ತೆ ನೋಡುತ್ತೇನೆ.

ಇನ್ನೊಂದು ಹಂತವಿದೆ, ಅಲ್ಲಿ ಹೊರರೋಗಿ ವಿಭಾಗದ ಚಿಕಿತ್ಸೆ ಸಲ್ಲದು. ಕಣ್ಣುಗುಡ್ಡೆ ಮುಂದಕ್ಕೆ ಉಬ್ಬಿದ್ದರೆ, ಕಣ್ಣನ್ನು ಅತ್ತಿತ್ತ ಹೊರಳಿಸಿದಾಗ ನೋವಾದರೆ ಅಥವಾ ಹೊರಳದೇ ಹೋದರೆ, ಒಂದು ವಸ್ತು ಎರಡಾಗಿ ಕಂಡರೆ, ದೃಷ್ಟಿ ಮಂಕಾದರೆ, ಇವುಗಳ ಜೊತೆ ಜ್ವರ, ತಲೆನೋವು, ವಾಂತಿಯಿದ್ದರೆ ಸೋಂಕು ರೆಪ್ಪೆಯ ಹಿಂದಿನ ಪರದೆಯನ್ನು ದಾಟಿ ಕಣ್ಣಿನ ಗುಳಿಯೊಳಗೆ ಇಳಿದಿರಬಹುದು. ಕಣ್ಣುಕುಟಿಕೆಯಿಂದ ಹೀಗಾಗುವುದು ಅಪರೂಪ. ಆದರೆ ಆದಾಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಸೇರಿಸಿ, ಸ್ಕ್ಯಾನ್ ಮಾಡಿಸಿ, ರಕ್ತನಾಳದ ಮೂಲಕವೇ ಔಷಧ ಕೊಡಬೇಕು.

ಬೇಡದ ಔಷಧದಿಂದ ನಷ್ಟವೇನು ಎಂದು ಕೇಳುವವರಿಗೆ ನಾನು ಒಂದು ಪ್ರಸಂಗವನ್ನು ಹೇಳುವುದುಂಟು. ಮಧ್ಯವಯಸ್ಸಿನ ಮಹಿಳೆಯೊಬ್ಬರು ಸಣ್ಣದೊಂದು ಕುಟಿಕೆಗೆ ತಾವೇ ಮುಲಾಮು ತಂದು ಹಚ್ಚತೊಡಗಿದರು. ಗಂಟು ನಾಲ್ಕು ದಿನಕ್ಕೆ ಇಳಿಯಿತು, ರೆಪ್ಪೆ ಮಾತ್ರ ಮತ್ತಷ್ಟು ಕೆಂಪಾಯಿತು. ಸೋಂಕು ಹೆಚ್ಚಿತೆಂದು ದಿನಕ್ಕೆ ಎರಡು ಸಲದ ಬದಲು ಆರು ಸಲ ಹಚ್ಚಿದರು. ನನ್ನ ಬಳಿ ಬಂದಾಗ ರೆಪ್ಪೆಯ ಚರ್ಮ ಸುಕ್ಕುಗಟ್ಟಿ ಹೊಪ್ಪಳೆ ಏಳುತ್ತಿತ್ತು. ನೋವಿದೆಯೇ ಎಂದಾಗ ಇಲ್ಲ, ತಡೆಯಲಾರದಷ್ಟು ತುರಿಕೆ ಎಂದರು. ಆ ತುರಿಕೆಯೇ ಗುಟ್ಟನ್ನು ಬಿಟ್ಟುಕೊಟ್ಟಿತು. ಮುಲಾಮಿನಲ್ಲಿ ನಿಯೋಮೈಸಿನ್ ಇತ್ತು, ಅದು ಚರ್ಮದ ಅಲರ್ಜಿಗೆ ಹೆಸರಾದ ಔಷಧ. ನಾನು ಬರೆದುಕೊಟ್ಟದ್ದು ಒಂದೇ ಸಾಲು: ಮುಲಾಮು ನಿಲ್ಲಿಸುವುದು. ವಾರದಲ್ಲಿ ರೆಪ್ಪೆ ತಿಳಿಯಾಯಿತು. ಇನ್ನು ಆ್ಯಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಬೆರೆಸಿದ ಹನಿಮದ್ದುಗಳ ಅಪಾಯ ಇದಕ್ಕಿಂತ ದೊಡ್ಡದು. ಕೆಂಪು ಬೇಗ ಇಳಿಯುವುದರಿಂದ ಹಿತವೆನಿಸಿ ತಿಂಗಳುಗಟ್ಟಲೆ ಬಿಟ್ಟುಕೊಂಡವರಲ್ಲಿ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ಗ್ಲಾಕೋಮಾಕ್ಕೆ ದಾರಿಯಾಗಬಹುದು, ಪೊರೆಯೂ ಬರಬಹುದು. ಹಳೆಯ ಬಾಟಲಿಯಲ್ಲಿ ಉಳಿದದ್ದನ್ನು ಹೊಸ ಕುಟಿಕೆಗೆ ಬಿಡುವ ಮುನ್ನ ಅದರ ಮೇಲಿನ ಎರಡನೆಯ ಹೆಸರನ್ನೂ ಓದಬೇಕು.

ಎರಡು ವಾರ ಕಳೆದ ಮೇಲೆ ನೋವು ಹೋಗಿ, ಕೆಂಪು ಹೋಗಿ, ಬಟಾಣಿಯಂಥ ಗಂಟು ಮಾತ್ರ ಉಳಿದಿದ್ದರೆ ಅದು ಕುಟಿಕೆಯಲ್ಲ, ಕಲೇಜಿಯನ್. ಸೋರಿಹೋದ ಎಣ್ಣೆಯ ಸುತ್ತ ದೇಹ ಕಟ್ಟಿಕೊಂಡ ಕೋಟೆ ಅದು, ಒಳಗೆ ಬ್ಯಾಕ್ಟೀರಿಯಾವೇ ಇಲ್ಲದಿರುವಾಗ ಆ್ಯಂಟಿಬಯಾಟಿಕ್ ಯಾರ ಮೇಲೆ ಕೆಲಸ ಮಾಡಬೇಕು? ಶಾಖವನ್ನೇ ಇನ್ನೊಂದು ತಿಂಗಳು ಮುಂದುವರಿಸಿದರೆ ಹಲವು ಗಂಟುಗಳು ಕರಗುತ್ತವೆ. ಕರಗದವುಗಳಿಗೆ ಸ್ಟೀರಾಯ್ಡ್ ಚುಚ್ಚುಮದ್ದು, ಇಲ್ಲವೇ ರೆಪ್ಪೆಯ ಒಳಗಿನಿಂದ ಸಣ್ಣದಾಗಿ ಕೊಯ್ದು ಕೆರೆದು ತೆಗೆಯುವ ಹತ್ತು ನಿಮಿಷದ ಶಸ್ತ್ರಕ್ರಿಯೆ ಇದೆ. ಕಪ್ಪು ಅಥವಾ ಕಂದು ಮೈಬಣ್ಣದವರಲ್ಲಿ ಚುಚ್ಚುಮದ್ದಿನ ಜಾಗ ಬಿಳಿಚಿಕೊಳ್ಳುವ ಸಾಧ್ಯತೆಯಿರುವುದರಿಂದ ನಾನು ಅವರಿಗೆ ಶಸ್ತ್ರಕ್ರಿಯೆಯನ್ನೇ ಸೂಚಿಸುತ್ತೇನೆ.

ಮತ್ತೆ ಮತ್ತೆ ಕುಟಿಕೆ ಏಳುವವರಲ್ಲಿ ಹುಡುಕಬೇಕಾದದ್ದು ಹೊಸ ಆ್ಯಂಟಿಬಯಾಟಿಕ್ಕನ್ನಲ್ಲ. ಅವರ ರೆಪ್ಪೆಯಂಚಿನಲ್ಲಿ ಸಾಮಾನ್ಯವಾಗಿ ಬ್ಲೆಫರೈಟಿಸ್ ಎಂಬ ಹಳೆಯ ಉರಿಯೂತ ಮನೆಮಾಡಿರುತ್ತದೆ. ಕೆಲವರಲ್ಲಿ ಮುಖದ ಚರ್ಮ ಕೆಂಪೇರುವ ರೊಸೇಶಿಯಾ ಎಂಬ ತೊಂದರೆ ಇರುತ್ತದೆ, ಕೆಲವರಲ್ಲಿ ಗೊತ್ತೇ ಇಲ್ಲದ ಸಕ್ಕರೆ ಕಾಯಿಲೆ ರಕ್ತಪರೀಕ್ಷೆಯಲ್ಲಿ ಹೊರಬೀಳುತ್ತದೆ. ದಿನವೂ ಅಂಚನ್ನು ತೊಳೆಯುವ ಅಭ್ಯಾಸದಿಂದ ಅರ್ಧಕ್ಕರ್ಧ ತೊಂದರೆ ತಗ್ಗುತ್ತದೆ. ಅದಕ್ಕೂ ಬಗ್ಗದಿದ್ದಾಗ ಡಾಕ್ಸಿಸೈಕ್ಲಿನ್ ಅನ್ನು ಕೆಲವು ವಾರಗಳ ಕಾಲ ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ಇಲ್ಲಿ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದಕ್ಕಿಂತ ಉರಿಯೂತ ಇಳಿಸಿ ಎಣ್ಣೆಯ ಗುಣವನ್ನು ತಿದ್ದುವುದಕ್ಕೆ ಬಳಕೆಯಾಗುತ್ತದೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅದನ್ನು ಹೀಗೆ ವಾರಗಟ್ಟಲೆ ಕೊಡುವಂತಿಲ್ಲ.

ವಯಸ್ಸಾದವರೊಬ್ಬರು ಅದೇ ರೆಪ್ಪೆಯ ಅದೇ ಜಾಗದಲ್ಲಿ ಮೂರನೆಯ ಸಲ ಗಂಟು ಬಂದಿದೆಯೆಂದು ತೋರಿಸಿದಾಗ, ನಾನು ಮೊದಲು ನೋಡುವುದು ಆ ಜಾಗದ ರೆಪ್ಪೆಗೂದಲು ಉದುರಿದೆಯೇ ಎಂಬುದನ್ನು. ಎಣ್ಣೆಗ್ರಂಥಿಯಲ್ಲಿ ಹುಟ್ಟುವ ಕ್ಯಾನ್ಸರ್ ಒಂದು ಕಲೇಜಿಯನ್‌ನ ವೇಷದಲ್ಲಿ, ಕೆಲವೊಮ್ಮೆ ಒಂದೇ ಕಣ್ಣಿನ ವಾಸಿಯಾಗದ ಉರಿಯೂತದ ವೇಷದಲ್ಲಿ, ವರ್ಷಗಟ್ಟಲೆ ಮುಲಾಮು ಹಚ್ಚಿಸಿಕೊಂಡು ಕುಳಿತಿರಬಲ್ಲದು. ಅಂಥ ಗಂಟಿನಿಂದ ಕೆರೆದು ತೆಗೆದ ತುಣುಕು ಎಷ್ಟೇ ಸಣ್ಣದಿರಲಿ, ಕಸದ ಬುಟ್ಟಿಗೆ ಹೋಗದೆ ಪೆಥಾಲಜಿ ಪ್ರಯೋಗಾಲಯಕ್ಕೆ ಹೋಗಬೇಕು.