ಪಟಿಕಕ್ಕೆ ಗೊತ್ತಿರುವುದು ಒಂದೇ ಕೆಲಸ

ಮಳೆಗಾಲ ಬಂತೆಂದರೆ ಮುಂಬೈಯ ಮುಲುಂಡಿನ ನಮ್ಮ ಕಿರಾಣಿ ಅಂಗಡಿಯಲ್ಲಿ ‘ತುರಟಿ ಇದೆಯಾ?’ ಅನ್ನುವವರು ಹೆಚ್ಚುತ್ತಾರೆ. ನಾವು ಊರಲ್ಲಿ ಪಟಿಕ ಅನ್ನುವುದೂ ಇದನ್ನೇ. ಟ್ಯಾಂಕರಿನಿಂದ ಕೆಂಪು ನೀರು ಬಂದಾಗ ಒಂದು ತುಂಡು ಪಟಿಕವನ್ನು ಕೊಡದಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು, ಸ್ವಲ್ಪ ಹೊತ್ತಿಗೆ ನೀರು ತಿಳಿಯಾಗುತ್ತದೆ. ಇಷ್ಟು ಒಳ್ಳೆಯದೇ. ಆದರೆ ಇದರ ಹಿಂದೆಯೇ ಬರುವ ಮಾತು ಕೇಳಿದರೆ ನನಗೆ ದಿಗಿಲಾಗುತ್ತದೆ: ‘ಪಟಿಕ ಹಾಕಿದ್ದೀವಲ್ಲ, ಇನ್ನು ಕುದಿಸೋದು ಯಾಕೆ?’

ಕುದಿಸಲೇಬೇಕು. ಯಾಕೆ ಅನ್ನುವುದಕ್ಕೆ ಪಟಿಕ ನೀರೊಳಗೆ ಏನು ಮಾಡುತ್ತದೆ ಎಂದು ನೋಡಬೇಕು. ಅಷ್ಟು ಚೆಂದದ ಕೆಲಸವನ್ನು ನೋಡದೆ ಸುಮ್ನೆ ನಂಬಿ ಬಿಡುವುದು ನನಗಂತೂ ಸಹಿಸದು.

ಮಣ್ಣಿನ ಕಣ ನೀರಿಗಿಂತ ಎರಡೂವರೆ ಪಟ್ಟು ಭಾರ. ಹಾಗಿದ್ದರೂ ಕೆಂಪು ನೀರು ದಿನಗಟ್ಟಲೆ ಕೆಂಪಾಗಿಯೇ ಇರುತ್ತದೆ. ಇದಕ್ಕೆ ಮೊದಲ ಕಾರಣ ಕಣದ ಗಾತ್ರ. ಕಣ ಎಷ್ಟು ವೇಗವಾಗಿ ಮುಳುಗುತ್ತದೆ ಎಂಬ ಲೆಕ್ಕವನ್ನು 1851ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಕೊಟ್ಟ. ಕಣದ ಅಗಲ ಹತ್ತು ಪಟ್ಟು ಕಡಿಮೆಯಾದರೆ ಮುಳುಗುವ ವೇಗ ನೂರು ಪಟ್ಟು ಇಳಿಯುತ್ತದೆ. ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಗಲದ ಜೇಡಿ ಕಣ ಅಲುಗಾಡದ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು 13 ದಿನ ಬೇಕು. ಅದರ ಹತ್ತರಲ್ಲೊಂದು ಅಗಲದ ಕಣಕ್ಕೆ ಮೂರು ವರ್ಷಕ್ಕೂ ಜಾಸ್ತಿ. ಅಷ್ಟು ದಿನ ಅಲುಗಾಡದೆ ಇರುವ ನೀರು ಯಾರ ಮನೆಯಲ್ಲೂ ಇಲ್ಲ. ಸಾಲದ್ದಕ್ಕೆ ನೀರಿನ ಅಣುಗಳೇ ಈ ಪುಟ್ಟ ಕಣಗಳನ್ನು ಎಡಬಿಡದೆ ತಳ್ಳಾಡುತ್ತಿರುತ್ತವೆ.

ಸರಿ, ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾದರೆ ಬೇಗ ಇಳಿಯಬೇಕಲ್ವಾ? ಅಂಟುವುದಕ್ಕೆ ಅವು ಬಿಡುವುದಿಲ್ಲ. ನೀರಿನಲ್ಲಿ ಜೇಡಿಮಣ್ಣಿನ ಕಣದ ಮೈಮೇಲೆ ಋಣ ವಿದ್ಯುತ್ ಇರುತ್ತದೆ. ಜೇಡಿಯ ಹರಳಿನಲ್ಲಿ ಸಿಲಿಕಾನ್ ಇರಬೇಕಾದ ಕೆಲವು ಜಾಗದಲ್ಲಿ ಅಲ್ಯೂಮಿನಿಯಂ ಕೂತಿರುತ್ತದೆ, ಅಲ್ಯೂಮಿನಿಯಂ ಇರಬೇಕಾದಲ್ಲಿ ಮೆಗ್ನೀಸಿಯಂ. ಹೀಗೆ ಬದಲಿ ಕೂತಲ್ಲೆಲ್ಲ ಒಂದೊಂದು ಧನ ವಿದ್ಯುತ್ ಕೊರತೆ ಬೀಳುತ್ತದೆ. ಆ ಕೊರತೆ ನೀಗಿಸಲು ನೀರಿನಲ್ಲಿರುವ ಧನ ಅಯಾನುಗಳು, ಅಂದರೆ ಧನ ವಿದ್ಯುತ್ ಹೊತ್ತ ಪರಮಾಣುಗಳು, ಕಣದ ಸುತ್ತ ಒಂದು ಮುಸುಕಿನಂತೆ ಸೇರುತ್ತವೆ. ಎರಡು ಕಣಗಳು ಹತ್ತಿರ ಬಂದಾಗ ಮೊದಲು ತಾಗುವುದು ಈ ಮುಸುಕುಗಳು, ಮತ್ತು ಅವು ಒಂದನ್ನೊಂದು ದೂಡುತ್ತವೆ. ತೀರಾ ಹತ್ತಿರ ಬಂದಿದ್ದರೆ ಕಣಗಳ ನಡುವಿನ ಸೆಳೆತವೇ ಗೆಲ್ಲುತ್ತಿತ್ತು. ಅಷ್ಟು ಹತ್ತಿರ ಬರಲು ಮುಸುಕು ಬಿಡುವುದಿಲ್ಲ.

ಪಟಿಕ ಕೈಹಾಕುವುದು ಇಲ್ಲಿಗೆ. ಅದು ಕರಗಿದಾಗ ಅಲ್ಯೂಮಿನಿಯಂ ಅಯಾನು ಹೊರಬರುತ್ತದೆ. ಇದರ ಮೇಲೆ ಮೂರು ಧನ ವಿದ್ಯುತ್, ಹಾಗಾಗಿ ಇದು ಸೇರಿದರೆ ಮುಸುಕು ತೆಳುವಾಗಿ ಕಣಗಳು ಅಂಟುವಷ್ಟು ಹತ್ತಿರ ಬರುತ್ತವೆ. ಅಡುಗೆ ಉಪ್ಪಿನ ಸೋಡಿಯಂ ಮೇಲೆ ಇರುವುದು ಒಂದೇ. ಹಾಗಾದರೆ ಪಟಿಕಕ್ಕೆ ಮೂರು ಪಟ್ಟು ಶಕ್ತಿ ಅಂದುಕೊಳ್ಳುತ್ತೀರಿ. ಅಲ್ಲ! 1882ರಲ್ಲಿ ಶುಲ್ಝೆ, 1900ರಲ್ಲಿ ಹಾರ್ಡಿ ಎಂಬ ವಿಜ್ಞಾನಿಗಳು ಕಂಡುಕೊಂಡದ್ದು ಬೇರೆಯೇ. ಅಯಾನಿನ ವಿದ್ಯುತ್ ಸ್ವಲ್ಪ ಏರಿದರೂ ಕಣಗಳನ್ನು ಕೂಡಿಸುವ ಶಕ್ತಿ ಒಮ್ಮೆಲೇ ಎಷ್ಟೋ ಪಟ್ಟು ಏರುತ್ತದೆ. ಆಮೇಲೆ ಬಂದ ಸಿದ್ಧಾಂತದ ಪ್ರಕಾರ ಅದು ಹೆಚ್ಚುಕಡಿಮೆ ಆರನೆಯ ಘಾತ: ಒಂದು, ಎರಡು, ಮೂರು ವಿದ್ಯುತ್ತಿನ ಅಯಾನುಗಳ ಶಕ್ತಿ 1, 64, 729. ಚಿಟಿಕೆಯಷ್ಟು ಪಟಿಕ ಕೊಡದ ತುಂಬ ನೀರನ್ನು ತಿಳಿಮಾಡುವುದರ ಹಿಂದೆ ಈ ಲೆಕ್ಕವಿದೆ.

ಉಪ್ಪಿನ ಶಕ್ತಿ ಕಡಿಮೆಯಾದರೂ ರಾಶಿ ಇದ್ದರೆ ಅದೂ ಈ ಕೆಲಸ ಮಾಡುತ್ತದೆ. ಕಡಲ ಇಳಿತದ ಹೊತ್ತಿಗೆ ವಾಶಿ ಸೇತುವೆ ದಾಟುವಾಗ ಠಾಣೆ ಖಾರಿಯ, ಅಂದರೆ ಒಳನಾಡಿಗೆ ಚಾಚಿದ ಕಡಲತೋಳಿನ, ಎರಡೂ ಬದಿಯಲ್ಲಿ ಕಾಣುವ ಬೂದು ಕೆಸರಿನ ಬಯಲನ್ನು ನೋಡಿ. ಸಿಹಿನೀರಿನಲ್ಲಿ ತೇಲಿಬಂದ ಜೇಡಿ ಸಮುದ್ರದ ಉಪ್ಪು ತಾಗಿದ ಕೂಡಲೇ ಗಂಟುಕಟ್ಟಿ ಇಳಿಯುತ್ತದೆ. ಫ್ಲೆಮಿಂಗೊಗಳು ಕಾಲೂರಿ ನಿಲ್ಲುವ ಆ ನೆಲ ಕಟ್ಟಿಕೊಳ್ಳುವುದರಲ್ಲಿ ಇದರ ಪಾಲೂ ಇದೆ.

ಪಟಿಕದ ಕೆಲಸಕ್ಕೆ ಇನ್ನೊಂದು ಮುಖವಿದೆ. ಅಲ್ಯೂಮಿನಿಯಂ ನೀರಿನೊಂದಿಗೆ ಕೂಡಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಕರಗದ, ಬಿಳಿಯ, ಲೋಳೆಲೋಳೆ ವಸ್ತು ಇದು. ಇಳಿಯುತ್ತಾ ದಾರಿಯಲ್ಲಿ ಸಿಕ್ಕ ಕಣಗಳನ್ನೆಲ್ಲ ಹಿಡಿದುಕೊಂಡು ಹೋಗುತ್ತದೆ. ಗಾಜಿನ ಲೋಟದಲ್ಲಿ ಮಾಡಿ ನೋಡಿ. ಪಟಿಕದ ಪುಡಿ ಹಾಕಿ ಮೊದಲು ಜೋರಾಗಿ ಅರ್ಧ ನಿಮಿಷ, ಆಮೇಲೆ ತೀರಾ ನಿಧಾನವಾಗಿ ಹತ್ತು ನಿಮಿಷ ಕದಡಿ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಮೊದಲು ನೀರು ಬರೀ ಮಂಜು. ಸ್ವಲ್ಪ ಹೊತ್ತಿಗೆ ಅದರಲ್ಲಿ ಚುಕ್ಕಿಗಳು ಮೂಡುತ್ತವೆ. ಚುಕ್ಕಿಗಳ ನಡುವಿನ ನೀರು ಮೊದಲು ತಿಳಿಯಾಗುತ್ತದೆ, ಆಮೇಲೆ ಚುಕ್ಕಿಗಳು ಒಟ್ಟಾಗಿ ಕೆಳಗೆ ಹೊರಡುತ್ತವೆ. ಕೊನೆಯವರೆಗೂ ಜೋರಾಗಿ ಕದಡಿದರೆ ಕಟ್ಟಿದ ಗಂಟು ಒಡೆಯುತ್ತದೆ, ಕದಡದೇ ಬಿಟ್ಟರೆ ಕಣಗಳು ಸಂಧಿಸುವುದೇ ಇಲ್ಲ. ನಮ್ಮ ಅಜ್ಜಿಯರು ಪಟಿಕವನ್ನು ನೀರಿಗೆ ಎಸೆಯದೆ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದರು, ಅದೇ ಸರಿಯಾದ ವಿಧಾನ. ದಿನಕ್ಕೆ 191 ಕೋಟಿ ಲೀಟರ್ ನೀರು ಶುದ್ಧಮಾಡುವ ಸಾಮರ್ಥ್ಯದ ಮುಂಬೈಯ ಭಾಂಡುಪ್ ಘಟಕದಂಥ ಕಡೆ ನಡೆಯುವುದೂ ಮೂಲದಲ್ಲಿ ಇದೇ ಕ್ರಮ: ಬೆರೆಸು, ಗಂಟುಕಟ್ಟಲು ಬಿಡು, ಇಳಿಸು, ಮರಳಿನಲ್ಲಿ ಸೋಸು, ಕ್ಲೋರಿನ್ ಹಾಕು.

ಈಗ ‘ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧ’ ಅನ್ನುವ ತಪ್ಪಿಗೆ ಬರೋಣ. ಸಾಮಾನ್ಯವಾಗಿ ಲೀಟರಿಗೆ 10ರಿಂದ 50 ಮಿಲಿಗ್ರಾಂ ಸಾಕಾಗುತ್ತದೆ. 30 ಅಂತ ಹಿಡಿದರೂ 20 ಲೀಟರ್ ಕೊಡಕ್ಕೆ ಅರ್ಧ ಗ್ರಾಂಗಿಂತ ತುಸು ಹೆಚ್ಚು, ಅಷ್ಟೇ. ಅಳತೆ ಮೀರಿದರೆ ಕಣಗಳ ಮೈ ಋಣದಿಂದ ಧನಕ್ಕೆ ತಿರುಗಬಹುದು. ಆಗ ಅವು ಮತ್ತೆ ಒಂದನ್ನೊಂದು ದೂಡತೊಡಗುತ್ತವೆ, ನೀರು ಮತ್ತೆ ಮಬ್ಬು. ಜೊತೆಗೆ ಪಟಿಕ ನೀರಿನ ಕ್ಷಾರಗುಣವನ್ನು ತಿನ್ನುತ್ತಾ ಹೋಗುತ್ತದೆ. ನೀರು ತೀರಾ ಆಮ್ಲವಾದರೆ ಗಂಟು ಕಟ್ಟುವುದೇ ಇಲ್ಲ, ಅಲ್ಯೂಮಿನಿಯಂ ಕರಗಿಕೊಂಡೇ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಲ್ಯೂಮಿನಿಯಂ ಲೀಟರಿಗೆ 0.2 ಮಿಲಿಗ್ರಾಂ ದಾಟುವಂತಿಲ್ಲ. ವಸತಿ ಸೊಸೈಟಿಯ ನೆಲದಡಿ ಟ್ಯಾಂಕಿಗೆ ತೆಂಗಿನಕಾಯಿ ಗಾತ್ರದ ಪಟಿಕ ಎಸೆದು ಬರುವವರನ್ನು ನಾನು ಕಂಡಿದ್ದೇನೆ. ಅದು ತಳದಲ್ಲಿ ಕೂತು ಅಲ್ಲಿಯ ನೀರನ್ನು ಒಗರು ಮಾಡುತ್ತದೆ, ಮೇಲಿನ ಕೆಸರು ಹಾಗೇ ತೇಲುತ್ತಿರುತ್ತದೆ.

ಈ ವಿದ್ಯೆ ಪಟಿಕ ಒಂದರದ್ದೇ ಅಲ್ಲ. ಸುಶ್ರುತ ಸಂಹಿತೆ ಕದಡಿದ ನೀರನ್ನು ತಿಳಿಮಾಡುವ ಏಳು ವಸ್ತುಗಳನ್ನು ಹೇಳುತ್ತದೆ. ಅದರಲ್ಲಿ ಮೊದಲನೆಯದು ಕತಕ, ನಮ್ಮ ಚಿಲ್ಲದ ಬೀಜ. ಮಡಕೆಯ ಒಳಮೈಗೆ ಈ ಬೀಜವನ್ನು ತೇಯ್ದು ನೀರು ತುಂಬುತ್ತಿದ್ದರು. ಪಟ್ಟಿಯಲ್ಲಿ ಬಟ್ಟೆಯೂ ಇದೆ, ಮುತ್ತು ಮಣಿಗಳೂ ಇವೆ. ಬಟ್ಟೆ, ಬೀಜಗಳನ್ನು ನಾನು ಒಪ್ಪುತ್ತೇನೆ, ಮುತ್ತನ್ನು ಒಪ್ಪುವುದು ಕಷ್ಟ. ಮನುಸ್ಮೃತಿಯಲ್ಲಿ ಈ ಕತಕದ ಬಗ್ಗೆಯೇ ಒಂದು ಸೊಗಸಾದ ಮಾತಿದೆ: ಕತಕದ ಕಾಯಿ ನೀರನ್ನು ತಿಳಿಮಾಡುವುದು ನಿಜ, ಆದರೆ ಬರೀ ಅದರ ಹೆಸರು ಹೇಳಿದರೆ ನೀರು ತಿಳಿಯಾಗದು. ನೀರಿನ ಬಾಟಲಿಗೆ ಮಂತ್ರ ಹಾಕಿ ಮಾರುವವರ ಮುಂದೆ ಇದನ್ನು ಓದಬೇಕು ಅನಿಸುತ್ತದೆ. ಅಂಗಡಿ ಬಾಗಿಲಿಗೆ ಕಪ್ಪು ದಾರದಲ್ಲಿ ಪಟಿಕ ಕಟ್ಟಿ ‘ದೃಷ್ಟಿ ತಾಗಲ್ಲ’ ಅನ್ನುವವರ ಮುಂದೆಯೂ.

ಸುಡಾನಿನ ಹಳ್ಳಿಯ ಹೆಂಗಸರು ನೈಲ್ ನದಿಯ ಕೆಸರುನೀರಿಗೆ ನುಗ್ಗೆಬೀಜದ ಪುಡಿ ಹಾಕುತ್ತಿದ್ದರು. ಆ ಬೀಜದಲ್ಲಿ ಧನ ವಿದ್ಯುತ್ತಿನ ಪ್ರೋಟೀನು ಇದೆ, ಅಲ್ಯೂಮಿನಿಯಂನ ಕೆಲಸವನ್ನು ಅದು ಮಾಡುತ್ತದೆ. ‘ನೈಸರ್ಗಿಕ, ಹಾಗಾಗಿ ಚಿಂತೆಯಿಲ್ಲ’ ಅಂದುಕೊಳ್ಳಬೇಡಿ. ಬೀಜದ ಉಳಿದ ಅಂಶ ನೀರಿನಲ್ಲೇ ಉಳಿಯುತ್ತದೆ, ಬ್ಯಾಕ್ಟೀರಿಯಾಗಳಿಗೆ ಅದು ಊಟ. ಆ ನೀರನ್ನು ಇಟ್ಟುಕೊಂಡು ಕುಡಿಯುವಂತಿಲ್ಲ. ಇನ್ನು ಮುಂಬೈ, ಪಾಲ್ಘರ್ ಕಡಲಲ್ಲಿ ಕೋಳಿ ಸಮುದಾಯದ ಮೀನುಗಾರರ ಬಲೆಗೆ ಬೀಳುವ ಘೋಳ್ ಮೀನಿಗೆ ಇಷ್ಟೊಂದು ಬೆಲೆ ಬರುವುದು ಅದರ ಗಾಳಿಚೀಲದಿಂದ. ಮೀನಿನ ಗಾಳಿಚೀಲದಿಂದ ತೆಗೆದ ಪ್ರೋಟೀನು ಬಿಯರು, ವೈನುಗಳ ಮಬ್ಬು ತೆಗೆಯಲು ಬಳಕೆಯಲ್ಲಿದೆ. ಜಾಮೂನಿನ ಪಾಕ ಕುದಿಯುವಾಗ ಅಡುಗೆಯವರು ಒಂದು ಚಮಚ ಹಾಲು ಬಿಡುತ್ತಾರೆ. ಹಾಲಿನ ಪ್ರೋಟೀನು ಗಟ್ಟಿಯಾಗುತ್ತಾ ಸಕ್ಕರೆಯ ಕೊಳೆಯನ್ನು ಹಿಡಿದು ನೊರೆಯಾಗಿ ಮೇಲೆ ತರುತ್ತದೆ. ಇಲ್ಲಿ ಕೊಳೆ ಇಳಿಯುವ ಬದಲು ಏರುತ್ತದೆ, ಸೌಟಿನಲ್ಲಿ ತೆಗೆದುಬಿಟ್ಟರಾಯಿತು.

ಇನ್ನು ರೋಗಾಣುವಿನ ವಿಷಯ. ಬ್ಯಾಕ್ಟೀರಿಯಾ ಸುಮಾರು ಒಂದೆರಡು ಮೈಕ್ರಾನ್ ಉದ್ದ, ಅದರ ಮೈಮೇಲೂ ಋಣ ವಿದ್ಯುತ್. ಹಾಗಾಗಿ ಪಟಿಕ ಅದನ್ನೂ ಮಣ್ಣಿನ ಕಣದಂತೆಯೇ ಹಿಡಿದು ಇಳಿಸುತ್ತದೆ. ಎಷ್ಟೋ ಬ್ಯಾಕ್ಟೀರಿಯಾಗಳು ಹೀಗೆ ಕೆಳಗೆ ಹೋಗುತ್ತವೆ, ಆದರೆ ಸಾಯುವುದಿಲ್ಲ. ತಳದ ಕೆಸರಿನಲ್ಲಿ ಜೀವಂತವಾಗಿಯೇ ಇರುತ್ತವೆ. ಒಂದಷ್ಟು ಮೇಲಿನ ತಿಳಿನೀರಿನಲ್ಲೂ ಉಳಿಯುತ್ತವೆ, ಮತ್ತು ಅವು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಲರಾ ಬರಿಸಲು ನೀರು ಕೆಂಪಾಗಿರಬೇಕಿಲ್ಲ. 2021ರ ಜುಲೈ 18ರಂದು ಭಾರಿ ಮಳೆಗೆ ಭಾಂಡುಪ್ ಘಟಕದೊಳಗೇ ನೀರು ನುಗ್ಗಿದಾಗ, ನೀರನ್ನು ಕುದಿಸಿ ಕುಡಿಯಿರಿ ಎಂದು ಪಾಲಿಕೆ ನಗರಕ್ಕೆಲ್ಲ ಹೇಳಿತ್ತು.

ಹಾಗಂತ ಪಟಿಕ ಬೇಡ, ಕ್ಲೋರಿನ್ ಮಾತ್ರೆಯೊಂದೇ ಸಾಕು ಅನ್ನುವುದೂ ತಪ್ಪು. ಕೆಸರುನೀರಿನಲ್ಲಿ ರೋಗಾಣು ಮಣ್ಣಿನ ಕಣದ ಮರೆಯಲ್ಲಿ ಅಡಗುತ್ತದೆ, ಕ್ಲೋರಿನ್ ಅಲ್ಲಿಗೆ ತಲುಪುವ ಮೊದಲೇ ಉಳಿದ ಕೊಳೆಯ ಮೇಲೆ ಖರ್ಚಾಗಿಬಿಡುತ್ತದೆ. ಮೊದಲು ಪಟಿಕ, ಆಮೇಲೆ ಕ್ಲೋರಿನ್ ಅಥವಾ ಬೆಂಕಿ. ಕೊಡದಲ್ಲಾದರೆ ಅರ್ಧ ಗಂಟೆ ಬಿಟ್ಟು, ಅಲುಗಿಸದೆ ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತೆಗೆಯಿರಿ. ಅದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಇಟ್ಟರೆ ಸಾಕು. ಸೊಸೈಟಿಯ ಟ್ಯಾಂಕಿಗಾದರೆ ಪಟಿಕವನ್ನು ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ, ಟ್ಯಾಂಕರಿನ ನೀರು ಒಳಗೆ ಬೀಳುತ್ತಿರುವಾಗಲೇ ಆ ಧಾರೆಗೆ ಸುರಿಯಿರಿ, ಬೆರೆಸುವ ಕೆಲಸ ಅದೇ ಮಾಡುತ್ತದೆ. 10,000 ಲೀಟರಿಗೆ 300 ಗ್ರಾಂ ಲೆಕ್ಕ, ಮೊದಲು ಲೋಟದಲ್ಲಿ ಪರೀಕ್ಷಿಸಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಕೆಸರು ಇಳಿಯುವವರೆಗೆ ಪಂಪ್ ಹಾಕಬೇಡಿ. ಪಂಪಿನ ಫುಟ್‌ವಾಲ್ವ್, ಅಂದರೆ ನೀರೆಳೆಯುವ ಕೊಳವೆಯ ತುದಿ, ತಳಕ್ಕಿಂತ ಒಂದು ಗೇಣಾದರೂ ಮೇಲಿರಲಿ, ಮತ್ತು ತಳದ ಕೆಸರನ್ನು ಆಗಾಗ ತೆಗೆಸಿ. ಇಲ್ಲದಿದ್ದರೆ ಪಟಿಕ ಇಳಿಸಿದ್ದನ್ನೆಲ್ಲ ಪಂಪ್ ಮತ್ತೆ ನಲ್ಲಿಗೆ ಏರಿಸುತ್ತದೆ.