ಮುಸ್ಸಂಜೆಯ 22 ನಿಮಿಷ

ಹಿತ್ತಲ ಪಪ್ಪಾಯಿಗೆ ಪುನುಗು ಬೆಕ್ಕು ಬರುವುದು, ಮರದ ಪೊಟರೆಯಿಂದ ಚುಕ್ಕೆಗೂಬೆ ಇಣುಕುವುದು, ಹೊಲದ ಬದುವಿನಲ್ಲಿ ಮೊಲ ಕಿವಿ ನಿಮಿರಿಸಿ ಕೂರುವುದು, ಎಲ್ಲವೂ ಕತ್ತಲು ಕವಿಯುವ ಹೊತ್ತಿಗೇ. ಅವುಗಳ ಚಿತ್ರ ತೆಗೆಯಲು ಕ್ಯಾಮೆರಾ ಹಿಡಿದು ಕೂತರೂ, ನಮ್ಮ ಕಣ್ಣು ಮಬ್ಬಿಗೆ ಹೊಂದಿಕೊಂಡುಬಿಡುವುದರಿಂದ ಬೆಳಕು ಎಷ್ಟು ಬೇಗ ಸೋರಿಹೋಗುತ್ತಿದೆ ಎಂಬುದು ತಿಳಿಯುವುದೇ ಇಲ್ಲ.

ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್ (ಬೀಳುವ ಬೆಳಕಿನ ಅಳತೆ). ಸೂರ್ಯ ಮುಳುಗುವ ಗಳಿಗೆಯಲ್ಲಿ ಬಯಲಿನಲ್ಲಿ ಉಳಿಯುವುದು 400ರ ಆಸುಪಾಸು. ಕರ್ನಾಟಕದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ ಇನ್ನು ಸುಮಾರು 22 ನಿಮಿಷದಲ್ಲಿ ದಿಗಂತದಿಂದ 6 ಡಿಗ್ರಿ ಕೆಳಗಿರುತ್ತಾನೆ. ಆಗ ಬೆಳಕು 3-4 ಲಕ್ಸ್. ಅಂದರೆ ಸರಾಸರಿ 3 ನಿಮಿಷಕ್ಕೊಮ್ಮೆ ಬೆಳಕು ಅರ್ಧವಾಗುತ್ತದೆ. ಮರದಡಿಯಲ್ಲಂತೂ ಬಯಲಿನ ಕಾಲು ಭಾಗವೂ ಸಿಗದಿರಬಹುದು.

ಸೂರ್ಯಾಸ್ತಕ್ಕೆ ಸರಿಯಾಗಿ, ಬಯಲಿನಲ್ಲಿ, ಐಎಸ್‌ಒ (ಚಿತ್ರವನ್ನು ಕ್ಯಾಮೆರಾ ಎಷ್ಟು ಬೆಳಗಿಸಬೇಕು ಎಂಬ ಮಟ್ಟ) 3200, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಹಾಯುವ ಕಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಗಲ) ಎಫ್/5.6 ಇಟ್ಟರೆ ಷಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/125 ಸೆಕೆಂಡಿನ ಹತ್ತಿರ ಬರುತ್ತದೆ. ಎಫ್/2.8 ಲೆನ್ಸ್ ಇದ್ದರೆ ನಾಲ್ಕು ಪಟ್ಟು ಬೆಳಕು, 1/500. ಒಂಬತ್ತು ನಿಮಿಷ ತಡವಾದರೆ 1/125 ಇದ್ದದ್ದು 1/15ಕ್ಕೆ ಇಳಿದಿರುತ್ತದೆ.

ಇಲ್ಲಿ ಹಲವರು ಐಎಸ್‌ಒಗೆ ಹೆದರಿ 800ರಲ್ಲೇ ನಿಲ್ಲಿಸಿ, ಕಪ್ಪಗೆ ಬಂದ ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸುತ್ತಾರೆ. ಚಿತ್ರದಲ್ಲಿ ಕಾಳುಕಾಳು ಕಾಣಲು ಮುಖ್ಯ ಕಾರಣ ಐಎಸ್‌ಒ ಅಲ್ಲ, ಬೆಳಕಿನ ಕೊರತೆ. ಫೋಟಾನ್‌ಗಳು (ಬೆಳಕಿನ ಕಣಗಳು) ಮಳೆಹನಿಯಂತೆ ಲೆಕ್ಕತಪ್ಪಿ ಬೀಳುತ್ತವೆ: ಪಿಕ್ಸೆಲ್ಲಿಗೆ 10,000 ಬಿದ್ದರೆ ಏರುಪೇರು ಸುಮಾರು 100, ಅಂದರೆ ಶೇ 1, ಬರೀ 100 ಬಿದ್ದರೆ ಏರುಪೇರು 10, ಶೇ 10. ಐಎಸ್‌ಒ ಏರಿಸಿದರೂ ಇಳಿಸಿದರೂ ಬಿದ್ದ ಹನಿಗಳ ಎಣಿಕೆ ಬದಲಾಗದು. ಅದನ್ನು ಹೆಚ್ಚಿಸುವುದು ಅಗಲವಾದ ಅಪರ್ಚರ್ ಮತ್ತು ನಿಧಾನ ಷಟರ್ ಮಾತ್ರ. ಹಾಗಾಗಿ ರಾ ಕಡತದಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ರೂಪ) ತೆಗೆಯಿರಿ, ಐಎಸ್‌ಒ 6400 ಬೇಕಾದರೆ ಇಡಿ. ಕಾಳುಕಾಳಾದ ಚಿತ್ರವನ್ನು ಸುಧಾರಿಸಬಹುದು, ಅಲುಗಿ ಮಸುಕಾದದ್ದನ್ನು ಆಗದು.

ನಿಧಾನ ಷಟರ್ ಎಂದರೆ ಪ್ರಾಣಿಯ ನಿಶ್ಚಲ ಕ್ಷಣಕ್ಕೆ ಕಾಯುವುದು. ಲೆನ್ಸಿನ ಸ್ಥಿರೀಕರಣ ನಿಮ್ಮ ಕೈನಡುಕವನ್ನು ತಡೆಯುತ್ತದೆ, ಮೊಲದ ಓಟವನ್ನಲ್ಲ. ಗೂಬೆ ದಿಟ್ಟಿಸುವಾಗ, ಮೊಲ ಸದ್ದು ಕೇಳಿ ಸ್ತಬ್ಧವಾದಾಗ, ಪುನುಗು ತಿನ್ನುವುದನ್ನು ಬಿಟ್ಟು ಮೂಗೆತ್ತಿದಾಗ 1/30 ಕೂಡ ಸಾಕಾಗುತ್ತದೆ. ಐದಾರು ಚಿತ್ರ ಒಟ್ಟಿಗೆ ತೆಗೆಯಿರಿ, ಒಂದಾದರೂ ಚೂಪಾಗಿರುತ್ತದೆ. ಒರಗಿಸಲು ದುಬಾರಿ ಸಲಕರಣೆ ಬೇಡ: ಬಟ್ಟೆಯ ಚೀಲಕ್ಕೆ ಒಂದು ಕಿಲೋ ಹುರುಳಿ ಹಾಕಿ ಹೊಲಿದು, ಕಿಟಕಿಯ ಕಟ್ಟೆಯ ಮೇಲಿಟ್ಟರೆ ಲೆನ್ಸ್ ಅದರಲ್ಲಿ ಕುಳಿತುಕೊಳ್ಳುತ್ತದೆ. ಚೀಲ ಬಿಗಿಯಾಗಿ ತುಂಬಬಾರದು.

ಗಾಜಿನ ಹಿಂದಿನಿಂದ ತೆಗೆಯುವುದಾದರೆ ಕೋಣೆಯ ದೀಪ ಆರಿಸಿ, ಲೆನ್ಸನ್ನು ಗಾಜಿಗೆ ತಾಗಿಸಿ, ಸುತ್ತ ಕಪ್ಪು ಬಟ್ಟೆ ಹೊದಿಸಿ. ಜಗಲಿಯ ಎಲ್‌ಇಡಿ ಬೆಳಕಿನಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಷಟರ್ 1/100ಕ್ಕಿಂತ ಚುರುಕಾದರೆ ಚಿತ್ರದಲ್ಲಿ ಪಟ್ಟೆಗಳು ಮೂಡಬಹುದು. 1/100 ಅಥವಾ 1/50 ಇಟ್ಟರೆ ಮಾಯವಾಗುತ್ತವೆ.

ಮೊಬೈಲಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ. ಕೂತ ಗೂಬೆಗೆ ಸರಿ, ನಡೆಯುವ ಪ್ರಾಣಿ ಹೊಗೆಯಂತಾಗುತ್ತದೆ.

ಫ್ಲ್ಯಾಷ್ ಬೇಡ. ಪುನುಗು, ಕಾಡುಪಾಪಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವಿದೆ. ಒಮ್ಮೆ ಹಾದುಹೋದ ಬೆಳಕನ್ನು ಅದು ಮತ್ತೆ ದಂಡಕೋಶಗಳತ್ತ (ಮಬ್ಬಿನಲ್ಲಿ ನೋಡಲು ನೆರವಾಗುವ ಕಣ್ಣಿನ ಕೋಶಗಳು) ತಿರುಗಿಸುತ್ತದೆ. ಕಣ್ಣು ಹೊಳೆಯುವುದು ಅದರಿಂದಲೇ. ಅಂಥ ಕಣ್ಣಿಗೆ ಹತ್ತಿರದಿಂದ ಫ್ಲ್ಯಾಷ್ ಬಿದ್ದರೆ ಕತ್ತಲಿಗೆ ಹೊಂದಿಕೊಂಡ ದೃಷ್ಟಿ ಕದಡುತ್ತದೆ, ಕೊಂಬೆಯಿಂದ ಕೊಂಬೆಗೆ ಹೋಗುವ ಪ್ರಾಣಿಗೆ ಅದು ಅಪಾಯ. ದಾರಿ ನೋಡಲು ಟಾರ್ಚ್ ಬೇಕೇ ಬೇಕಾದರೆ ಮಂದವಾದ ಕೆಂಪು ಬೆಳಕಿರಲಿ, ದಂಡಕೋಶಗಳು ಕೆಂಪಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಪೂರ್ತಿ ಕತ್ತಲಲ್ಲಿ ಬೇಲಿಗೆ ಕಟ್ಟುವ, ಎದುರು ಏನಾದರೂ ಅಲುಗಿದರೆ ತಾನೇ ಚಿತ್ರ ತೆಗೆಯುವ ಟ್ರ್ಯಾಪ್ ಕ್ಯಾಮೆರಾವೇ ಮೇಲು. 850 ನ್ಯಾನೋಮೀಟರ್ ಅವಕೆಂಪು (ಇನ್ಫ್ರಾರೆಡ್) ದೀಪದ್ದು ದೂರ ಬೆಳಗುತ್ತದೆ, ಆದರೆ ಮಸುಕಾಗಿ ಕೆಂಪು ಕಾಣುತ್ತದೆ. 940ರದ್ದು ಕಾಣುವುದಿಲ್ಲ, ವ್ಯಾಪ್ತಿ ಕಡಿಮೆ. ಪುನುಗಿಗಾದರೆ ಮೊಣಕಾಲೆತ್ತರಕ್ಕೆ ಕಟ್ಟಿ, ಎದುರಿನ ಹುಲ್ಲನ್ನು ಸವರಿಬಿಡಿ. ಇಲ್ಲವಾದರೆ ರಾತ್ರಿಯಿಡೀ ಗಾಳಿಗೆ ತೂಗುವ ಹುಲ್ಲಿನದೇ ಚಿತ್ರಗಳು.